ಕೃಷ್ಣೆಯಲ್ಲಿ ಇಲ್ಲದ ಗುಂಡಿ

ನಮ್ಮ ಕೇಂದ್ರಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮೊನ್ನೆ ಫೋನ್ ಮಾಡಿ, "ಮೇಡಂ, ಸರ್ವರ್ ಖರೀದಿ ಸಮಿತಿಗೆ ನನ್ನ ಹೆಸರು ಹಾಕಿದಾರೆ. ಏನೇನು ನೋಡಬೇಕು, ಹೇಳಿ" ಎಂದಳು. ನಾನು ನಿವೃತ್ತಳಾದ ಮೇಲೆ ಯಂತ್ರಗಳ ಹೆಸರು, ವೇಗ, ಗಾತ್ರ ಎಲ್ಲ ಬದಲಾಗಿವೆ. ಯಾವ ಮಾದರಿ ಒಳ್ಳೆಯದು ಎಂದು ಹೇಳುವ ಯೋಗ್ಯತೆ ನನಗೆ ಈಗ ಇಲ್ಲ. ಆದರೆ ಎಲ್ಲಿ ಹೆದರಬೇಕು, ಎಲ್ಲಿ ಹೆದರಬಾರದು ಎನ್ನುವುದು ಅಷ್ಟೇನೂ ಬದಲಾಗಿರಲಾರದು. ಫೋನಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ತುಮಕೂರು ಕಡೆಯವಳು. ವಿಶಾಖಪಟ್ಟಣದ ಸರ್ಕಾರಿ ಉದ್ದಿಮೆಯೊಂದರ ಲೆಕ್ಕಾಚಾರ ಕೇಂದ್ರಕ್ಕೆ ಸೇರಿದಾಗ ತೆಲುಗಿನಲ್ಲಿ ನನಗೆ ಬರುತ್ತಿದ್ದುದು ಚೆನ್ನಾಗಿದ್ದೀರಾ ಎನ್ನುವ 'ಬಾಗುನ್ನಾರಾ' ಒಂದೇ. ಮದುವೆಯಾದದ್ದು ವಿಜಯವಾಡದವರನ್ನು. ನನ್ನವರು ಅಲ್ಲಿಯ ಬ್ಯಾಂಕಿನಲ್ಲಿದ್ದರು, ತಾಯಿಯ ಜೊತೆ ಕೃಷ್ಣಲಂಕದಲ್ಲಿ, ನದಿಯ ಕಟ್ಟೆಗೆ ಒತ್ತಿಕೊಂಡ ಬೀದಿಯಲ್ಲಿ ಮನೆ. ನಾನು ವಿಶಾಖಪಟ್ಟಣದ ಟೌನ್‌ಶಿಪ್ಪಿನ ಕ್ವಾರ್ಟರ್ಸಿನಲ್ಲಿ. ವಾರದ ಕೊನೆಗೆ ರೈಲು. ನಮ್ಮ ಸಂಸಾರದ ಅರ್ಧ ಮಾತುಕತೆ ಆ ರೈಲಿನ ವೇಳೆಯ ಬಗ್ಗೆಯೇ ಆಗಿತ್ತು.

ನಮ್ಮ ಕೇಂದ್ರದ ಕೆಲಸವೆಂದರೆ ಬೇರೆ ಇಲಾಖೆಗಳಿಗೆ ದೊಡ್ಡ ಲೆಕ್ಕ ಮಾಡಿಕೊಡುವುದು. ಅದರಲ್ಲಿ ಒಂದು ಕೃಷ್ಣೆಯದು. ಮೇಲಿನ ಅಣೆಕಟ್ಟುಗಳಿಂದ ಇಷ್ಟು ನೀರು ಬಿಟ್ಟರೆ ವಿಜಯವಾಡದ ಬ್ಯಾರೇಜಿನ ಹತ್ತಿರ ಎಷ್ಟು ಎತ್ತರಕ್ಕೆ ಬರುತ್ತದೆ, ಯಾವ ಬೀದಿಗೆ ನುಗ್ಗುತ್ತದೆ ಎಂದು ಮುಂಚೆಯೇ ಹೇಳಬೇಕು. ನದಿಯನ್ನು ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕದ ತಳ ಎಷ್ಟು ಆಳ ಎಂದು ತುಂಬಿ, ಒಂದರಿಂದ ಇನ್ನೊಂದಕ್ಕೆ ನೀರು ಹರಿಯುವುದನ್ನು ಲೆಕ್ಕ ಹಾಕಬೇಕು. ಲೆಕ್ಕ ಮುಗಿಯುವುದಕ್ಕೂ ನೀರು ಬರುವುದಕ್ಕೂ ಯಾವಾಗಲೂ ಪೈಪೋಟಿ.

ಇದನ್ನೆಲ್ಲ ಮಾಡುತ್ತಿದ್ದದ್ದು ಫ್ರಿಜ್ಜುಗಳನ್ನು ಸಾಲಾಗಿ ನಿಲ್ಲಿಸಿದಂತಿದ್ದ ಒಂದು ವಿದೇಶಿ ಯಂತ್ರ. ಎರಡು ಸಾವಿರದ ಇಸವಿ ದಾಟುವ ಹೊತ್ತಿಗೆ ಅದಕ್ಕೆ ಬಿಡಿಭಾಗ ಸಿಗುವುದು ನಿಂತಿತ್ತು. ಅದೇ ಸಮಯಕ್ಕೆ ಎಲ್ಲೆಲ್ಲೂ ಹೊಸ ಪದ್ಧತಿ ಬರುತ್ತಿತ್ತು. ಒಂದು ದೊಡ್ಡ ಯಂತ್ರದ ಬದಲು ಅಗ್ಗದ ಸಣ್ಣ ಯಂತ್ರಗಳನ್ನು ತಂತಿಯಿಂದ ಪೋಣಿಸಿ, ಕೆಲಸವನ್ನು ತುಂಡುಮಾಡಿ ಹಂಚುವುದು. ಕ್ಲಸ್ಟರ್ ಎಂದು ಹೆಸರು. ನಮ್ಮ ಮುಖ್ಯಸ್ಥರು ಭಾಸ್ಕರರಾವ್ ಗಾರು ಇದನ್ನು ಎಲ್ಲೋ ಓದಿಕೊಂಡು ಬಂದು ನನ್ನ ಮೇಜಿನ ಮುಂದೆ ನಿಂತರು. "ಅಮ್ಮಾ ವಸುಧಾ, ಆನೆ ಸಾಕಿದ್ದು ಸಾಕು. ಇನ್ನು ಇರುವೆ ಸಾಲು ಕೊಳ್ಳೋಣ. ಏನೇನು ಬೇಕು, ನೀನೇ ಬರಿ."

ನನಗೆ ಸಂತೋಷವಾಗಬೇಕಿತ್ತು. ಆದದ್ದು ಭಯ. ನಮ್ಮಲ್ಲಿ ಕಡಿಮೆ ಬೆಲೆ ಹೇಳಿದವನಿಂದಲೇ ಕೊಳ್ಳಬೇಕೆಂಬ ನಿಯಮ. ಅದರ ಹಿಂದಿನ ವರ್ಷವಷ್ಟೇ ಖರೀದಿ ವಿಭಾಗದ ಹಿರಿಯರೊಬ್ಬರು ಒಳ್ಳೆಯ ಮಾಲು ಬೇಕೆಂದು ಕಡಿಮೆ ಬೆಲೆಯವನನ್ನು ಬಿಟ್ಟು ಎರಡನೆಯವನನ್ನು ಆರಿಸಿದ್ದರು. ವಿಚಾರಣೆ ಶುರುವಾಯಿತು. ಅವರು ಒಂದು ಪೈಸೆ ಮುಟ್ಟಿದವರಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಕ್ಯಾಂಟೀನಿನಲ್ಲಿ ಅವರ ಮೇಜಿಗೆ ಯಾರೂ ಹೋಗುತ್ತಿರಲಿಲ್ಲ. ನಾನೂ ಹೋಗುತ್ತಿರಲಿಲ್ಲ. ಹೆದರಿಕೆ ಹಾಗೆ ಕೆಲಸ ಮಾಡುತ್ತದೆ.

ಆದ್ದರಿಂದ ಹೊಸಬರು ಮೊದಲು ತಿಳಿಯಬೇಕಾದದ್ದು ಇದು. ಬೆಲೆಯ ಲಕೋಟೆ ಒಡೆದ ಮೇಲೆ ಧೈರ್ಯ ತೋರಿಸಿದರೆ ಉಪಯೋಗವಿಲ್ಲ. ಅದನ್ನು ತೋರಿಸಬೇಕಾದದ್ದು ಟೆಂಡರಿನ ಷರತ್ತು ಬರೆಯುವಾಗ. ಯಾವುದು ಇಲ್ಲದಿದ್ದರೆ ನಿಮಗೆ ನಿದ್ದೆ ಬರುವುದಿಲ್ಲವೋ ಅದನ್ನು ಅಲ್ಲೇ ಬರೆದುಬಿಡಬೇಕು.

ನನ್ನ ಜೊತೆಗಿದ್ದದ್ದು ಸಂಗಪ್ಪ. ಬಾಗಲಕೋಟೆಯವನು, ನನಗಿಂತ ಕಿರಿಯ ಎಂಜಿನಿಯರ್. ಮನೆಯಲ್ಲಿ ತೆಲುಗು ಹೆಂಡತಿ, ತೆಲುಗೇ ಮಾತಾಡುವ ಮಕ್ಕಳು. ಬಾಯ್ತುಂಬ ಕನ್ನಡ ಆಡಲು ಸಿಗುತ್ತಿದ್ದವಳು ನಾನೊಬ್ಬಳೇ. ಪೂರೈಕೆದಾರರು ಪರೀಕ್ಷೆಗೆಂದು ಕೊಟ್ಟ ಯಂತ್ರಗಳನ್ನು ಕಾರಿಡಾರಿನಲ್ಲಿ ಸಾಲಾಗಿ ಇಟ್ಟು, ಅವನು ಕೃಷ್ಣೆಯ ಒಂದೇ ಲೆಕ್ಕವನ್ನು ಅವುಗಳ ಮೇಲೆ ಮತ್ತೆ ಮತ್ತೆ ಓಡಿಸಿದ. ಎಲ್ಲಕ್ಕಿಂತ ಅಗ್ಗದ್ದು ಮೇಜಿನ ಮೇಲಿನ ಕಂಪ್ಯೂಟರಿನಂಥದ್ದೇ ಪೆಟ್ಟಿಗೆ. ವೇಗದಲ್ಲಿ ಅದು ದುಬಾರಿಯದಕ್ಕೆ ಸಮವಾಗಿತ್ತು. ಭಾಸ್ಕರರಾವ್ ಗಾರು ದಿನಾ ಬಂದು ಅದರ ಬೆನ್ನು ತಟ್ಟಿ ಹೋಗುತ್ತಿದ್ದರು.

ಒಂದು ಬೆಳಿಗ್ಗೆ ಸಂಗಪ್ಪ ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತ.

"ಏನಾಯ್ತು? ಕೆಟ್ಟುಹೋಯಿತಾ?"

"ಕೆಟ್ಟಿದ್ರ ಚೊಲೊ ಇತ್ತ್ರೀ ಮೇಡಮ್ಮಾರ. ನಡದೈತಿ. ಆದ್ರ ನಿನ್ನೆ ಒಂದು ಉತ್ತರ, ಇವತ್ತು ಒಂದು ಉತ್ತರ ಕೊಟ್ಟೈತಿ. ನಾ ಏನೂ ಬದಲು ಮಾಡಿಲ್ಲ. ಇದು ಸತ್ತಿಲ್ರೀ, ಸುಳ್ಳು ಹೇಳಾಕತ್ತೈತಿ."

ನಾನು ನಂಬಲಿಲ್ಲ. ಇಬ್ಬರೂ ಕೂತು ನೋಡಿದೆವು. ಮತ್ತೆ ಓಡಿಸಿದರೆ ಸರಿಯಾದ ಉತ್ತರ. ಮತ್ತೆ ಓಡಿಸಿದರೂ ಸರಿ. ಒಂದೇ ಒಂದು ಸಲ ತಪ್ಪಿತ್ತು. ತಪ್ಪಿದಾಗ ಯಾವ ಎಚ್ಚರಿಕೆಯನ್ನೂ ಕೊಟ್ಟಿರಲಿಲ್ಲ. ಕಾರಣ ಮೆಮೊರಿಯಲ್ಲಿತ್ತು. ಯಂತ್ರ ಲೆಕ್ಕ ಮಾಡುವಾಗ ಅಂಕಿಗಳನ್ನು ಇಟ್ಟುಕೊಳ್ಳುವ ಚಿಪ್‌ಗಳಲ್ಲಿ ಶಾಖಕ್ಕೋ ಇನ್ನಾವುದಕ್ಕೋ ಒಮ್ಮೊಮ್ಮೆ ಒಂದು ಚುಕ್ಕೆ, ಅಂದರೆ ಒಂದು ಬಿಟ್, ಮಗುಚಿಕೊಳ್ಳುತ್ತದೆ. ಸೊನ್ನೆ ಇದ್ದದ್ದು ಒಂದಾಗುತ್ತದೆ. ತನ್ನ ತಪ್ಪನ್ನು ತಾನೇ ಹಿಡಿದು ತಿದ್ದಿಕೊಳ್ಳುವ ಮೆಮೊರಿ ಬೇರೆ ಇದೆ. ಅದಕ್ಕೆ ಬೆಲೆ ಜಾಸ್ತಿ, ಅದನ್ನು ಹಾಕಿಸಿಕೊಳ್ಳುವ ಯಂತ್ರಕ್ಕೂ ಜಾಸ್ತಿ.

ಆ ದಿನದಿಂದ ನನಗೆ ಹೊಸ ಥರದ ಭಯ ಹತ್ತಿಕೊಂಡಿತು. ಪರದೆಯ ಮೇಲೆ ಯಾವ ಅಂಕಿ ಮೂಡಿದರೂ ಅನುಮಾನ. ಬ್ಯಾಂಕಿನ ಪಾಸ್‌ಬುಕ್ ಕಂಡರೂ ಅನುಮಾನ.

ಸಮಿತಿಯಲ್ಲಿ ದೊಡ್ಡ ಜಗಳವೇ ಆಯಿತು. ತಿದ್ದುವ ಮೆಮೊರಿ ಬೇಕೆಂದರೆ ಅದೇ ದುಡ್ಡಿಗೆ ಕಡಿಮೆ ಯಂತ್ರಗಳು ಬರುತ್ತವೆ ಎಂದರು ಭಾಸ್ಕರರಾವ್ ಗಾರು. ಬರಲಿ ಎಂದೆ. ಬೇರೆ ಎಲ್ಲವನ್ನೂ ಬಿಟ್ಟುಕೊಟ್ಟೆ. ಹೆಸರುವಾಸಿ ಕಂಪನಿಯೇ ಆಗಬೇಕಿಲ್ಲ. ಜೋಡಿ ಪವರ್ ಸಪ್ಲೈ ಬೇಡ, ಒಂದು ಸತ್ತರೆ ಉಳಿದವು ಕೆಲಸ ಹಂಚಿಕೊಳ್ಳುತ್ತವೆ. ಅಂದದ ಪೆಟ್ಟಿಗೆ ಬೇಡ, ದುಬಾರಿ ಡಿಸ್ಕ್ ಬೇಡ. ಒಂದು ತಲೆಮಾರು ಹಳೆಯ ಪ್ರೊಸೆಸರ್ ಸಾಕು. ಅದು ಕರೆಂಟನ್ನೂ ಕಡಿಮೆ ತಿನ್ನುತ್ತದೆ, ತಂಪಾಗಿಯೂ ಇರುತ್ತದೆ. ಯಂತ್ರ ನಿಲ್ಲಿಸುವ ಚೌಕಟ್ಟುಗಳನ್ನು ವಿಜಯವಾಡದ ಆಟೋನಗರ್‌ನಲ್ಲಿ, ಲಾರಿಗೆ ಬಾಡಿ ಕಟ್ಟುವವರ ಹತ್ತಿರ ಬೆಸುಗೆ ಹಾಕಿಸಿಕೊಂಡು ಬಂದೆವು. ಲಾರಿಯ ಹಸಿರು ಬಣ್ಣವನ್ನೇ ಬಳಿದುಕೊಟ್ಟಿದ್ದರು. ಬಿಡದೆ ಹಿಡಿದುಕೊಂಡದ್ದು ಮೆಮೊರಿ ಒಂದನ್ನು. "ಭಯಪಡಟಮೇ ನೀ ಉದ್ಯೋಗಮಾ ಅಮ್ಮಾ? ಹೆದರೋದಕ್ಕೇನಾ ನಿನಗೆ ಸಂಬಳ?" ಎಂದು ಭಾಸ್ಕರರಾವ್ ಗಾರು ಎಲ್ಲರ ಮುಂದೆ ಕೇಳಿದರು. ಕೊನೆಗೆ ಬೇಸತ್ತು ಸಹಿ ಹಾಕಿದರು.

ಆ ಕ್ಲಸ್ಟರನ್ನು ಅತಿಥಿಗಳಿಗೆ ತೋರಿಸಬೇಕೆಂದು ಅವರು ಸಮುದ್ರ ಕಾಣುವ ಕೋಣೆಯಲ್ಲೇ ಇಡಿಸಿದರು. ಒಂದು ಬೇಸಿಗೆ ಕಳೆಯುವುದರೊಳಗೆ ಉಪ್ಪುಗಾಳಿಗೆ ಒಳಗಿನ ತಾಮ್ರವೆಲ್ಲ ಹಸಿರುಗಟ್ಟಿ ಯಂತ್ರಗಳು ಒಂದೊಂದಾಗಿ ಉದುರಿದವು. ಸತ್ತವನ್ನು ಬದಲಿಸಿ, ಕಿಟಕಿಗಳಿಗೆ ಇಟ್ಟಿಗೆ ಕಟ್ಟಿಸಿದೆವು. ಅಂಥದ್ದಕ್ಕೆ ನೀವು ಹೆದರಬೇಡಿ. ಸತ್ತ ಯಂತ್ರ ಸತ್ತೆ ಎಂದು ಹೇಳುತ್ತದೆ, ಬೇರೆಯದು ಹಾಕುತ್ತೀರಿ, ಅಷ್ಟೇ.

ಕೆಲವು ವರ್ಷಗಳ ನಂತರ ವಿಜಯವಾಡದ ನೀರಾವರಿ ಕಚೇರಿಗೆ ತನ್ನದೇ ಕ್ಲಸ್ಟರ್ ಬೇಕೆನಿಸಿತು. ಅದಕ್ಕೆ ಕಾರಣವೂ ಇತ್ತು. ಚಂಡಮಾರುತ ಬಂದಾಗ ವಿಶಾಖಪಟ್ಟಣದ ಸಂಪರ್ಕ ಕಡಿಯುತ್ತಿತ್ತು, ಅವರಿಗೆ ಲೆಕ್ಕ ಬೇಕಾಗುತ್ತಿದ್ದದ್ದೂ ಆಗಲೇ. ಷರತ್ತು ಬರೆದದ್ದು ಬೇರೆ ಸಮಿತಿ, ಭಾಸ್ಕರರಾವ್ ಗಾರೇ ಅದರ ಸಲಹೆಗಾರರು. ತಿದ್ದುವ ಮೆಮೊರಿಯ ಸಾಲನ್ನು ಹೊಡೆದುಹಾಕಿದ್ದರು. ಕೇಳಿದ್ದಕ್ಕೆ, "ನಿನ್ನ ಮೆಷಿನ್ನು ಇಷ್ಟು ವರ್ಷದಲ್ಲಿ ಒಂದಾದರೂ ತಪ್ಪು ಹಿಡಿದಿದೆಯಾ?" ಎಂದರು. ಬೆರಳೆಣಿಕೆಯಷ್ಟು ಹಿಡಿದಿತ್ತು, ಹಿಡಿದದ್ದನ್ನು ತಿದ್ದಿಕೊಂಡಿತ್ತು. ಹಾಗಾಗಿಯೇ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಆ ಕ್ಲಸ್ಟರ್ ಬಂದು ಕೆಲವು ವರ್ಷಗಳಾದ ಮೇಲೆ, ಒಂದು ಮಳೆಗಾಲದ ಕೊನೆಯಲ್ಲಿ ಮೇಲಿನಿಂದ ಸುದ್ದಿ ಬಂದಾಗ ನಾನು ವಿಜಯವಾಡದಲ್ಲೇ ಇದ್ದೆ. ನದಿಯ ಮೇಲ್ಭಾಗದಲ್ಲಿ ಎಂದೂ ಕಾಣದಂಥ ಮಳೆ. ಅಣೆಕಟ್ಟುಗಳು ಒಂದರ ಹಿಂದೆ ಒಂದು ಬಾಗಿಲು ತೆಗೆಯುತ್ತಿದ್ದವು. ನೀರಾವರಿ ಕಚೇರಿಯಲ್ಲಿ ಪ್ರವಾಹದ ಹೊಣೆ ಹೊತ್ತಿದ್ದವರು ಪದ್ಮಾವತಿಗಾರು, ನನ್ನ ವಯಸ್ಸಿನವರೇ, ಮೆತ್ತಗೆ ಮಾತಾಡುವ ಎಂಜಿನಿಯರ್. ರಜೆಯ ಮೇಲಿದ್ದ ನನ್ನನ್ನು ಮನೆಯಿಂದ ಕರೆಸಿಕೊಂಡರು. ನಾನು ಹೊರಡುವಾಗ ಅತ್ತೆ ಅಂಗಳದಲ್ಲಿ ಗೋಂಗೂರ ಸೊಪ್ಪು ಬಿಡಿಸುತ್ತ, "ಈ ಕೃಷ್ಣಮ್ಮ ನನಗೆ ಗೊತ್ತಿಲ್ಲದವಳಾ? ಮೆಟ್ಟಿಲ ತನಕ ಬಂದು ಹೋಗ್ತಾಳೆ" ಎಂದರು.

ಬೆಳಗಿನ ಲೆಕ್ಕ ಅವರ ಕ್ಲಸ್ಟರಿನಲ್ಲೇ ಮುಗಿದಿತ್ತು. ನೀರು ಕಟ್ಟೆಯ ಅಂಚಿಗಿಂತ ಕೆಳಗೇ ನಿಲ್ಲುತ್ತದೆ ಎಂದು ಉತ್ತರ. ಕಚೇರಿಯಲ್ಲಿ ಎಲ್ಲರ ಮುಖ ಹಗುರವಾಗಿತ್ತು, ಯಾರೋ ಟೀ ತರಿಸಿದ್ದರು. ನಾನು ಯಂತ್ರದ ಕೋಣೆಗೆ ಹೋದೆ. ಬಾಗಿಲು ತೆಗೆದರೆ ಒಲೆಯ ಮುಂದೆ ನಿಂತ ಹಾಗೆ. ಕರೆಂಟು ಹೋಗಿ ಬಂದು ಮಾಡಿ ಎ.ಸಿ. ನಿಂತೇ ಹೋಗಿತ್ತು, ಯಂತ್ರಗಳು ಮಾತ್ರ ಬ್ಯಾಟರಿಯ ಮೇಲೆ ಓಡುತ್ತಿದ್ದವು. ಒಂದರ ಮೇಲೆ ಕೈಯಿಟ್ಟೆ, ಇಡಲಾಗದೆ ತೆಗೆದೆ. ಶಾಖಕ್ಕೆ ಚುಕ್ಕೆ ಮಗುಚುವುದು ನೆನಪಾಯಿತು.

ವಿಶಾಖಪಟ್ಟಣಕ್ಕೆ ಫೋನ್ ಹಚ್ಚಿದೆ. ಸಂಗಪ್ಪನಿಗೆ ಅಣೆಕಟ್ಟುಗಳ ಅಂಕಿಗಳನ್ನು ಬಾಯಲ್ಲೇ ಹೇಳಿ ಬರೆಸಿ, ನಮ್ಮ ಹಳೆಯ ಕ್ಲಸ್ಟರಿನಲ್ಲಿ ಅದೇ ಲೆಕ್ಕ ಓಡಿಸಲು ಹೇಳಿದೆ. ಆಮೇಲೆ ಕಾರಿಡಾರಿಗೆ ಹೋಗಿ ನನ್ನವರಿಗೆ ಫೋನ್ ಮಾಡಿದೆ. "ಅಮ್ಮನನ್ನು ಈಗಲೇ ಗನ್ನವರಂಗೆ, ನಿಮ್ಮ ಅಕ್ಕನ ಮನೆಗೆ ಕರಕೊಂಡು ಹೋಗಿ. ಬರಲ್ಲ ಅಂದರೆ ಎತ್ತಿಕೊಂಡು ಹೋಗಿ." ಏಕೆ ಎಂದು ಅವರು ಕೇಳಿದರು. ಆಮೇಲೆ ಹೇಳುತ್ತೇನೆ ಎಂದು ಫೋನ್ ಇಟ್ಟೆ.

ಮಧ್ಯಾಹ್ನದ ಹೊತ್ತಿಗೆ ಸಂಗಪ್ಪ ತಿರುಗಿ ಫೋನ್ ಮಾಡಿದ. ಲೈನಿನ ತುಂಬ ಗೊರಗೊರ.

"ಮೇಡಮ್ಮಾರ, ಕುಂತೀರೇನು?"

"ಹೇಳಪ್ಪ."

"ಕಟ್ಟಿ ದಾಟತೈತ್ರೀ. ಆಳೆತ್ತರ ಮ್ಯಾಲ. ಕೃಷ್ಣಲಂಕದ ಕೆಳಗಿನ ಓಣಿ ಅಷ್ಟೂ ಹೋಗ್ತಾವು."

"ಖಂಡಿತವಾ?"

"ನಂಗೂ ಹೆದರಿಕಿ ಆಗೇತಿ. ಇನ್ನೊಮ್ಮೆ ಓಡ್ಸಾಕತ್ತೀನಿ. ಆದ್ರ ಅದು ಮುಗಿಯೋದ್ರಾಗ ನೀರು ನಿಮ್ಮ ಬಾಗಿಲಿಗೆ ಬಂದಿರ್ತೈತಿ."

ಎರಡು ಉತ್ತರಗಳು ಪದ್ಮಾವತಿಗಾರ ಮೇಜಿನ ಮೇಲೆ ಅಕ್ಕಪಕ್ಕ ಇದ್ದವು. ಜಿಲ್ಲಾಧಿಕಾರಿಗಳ ಕಚೇರಿಯಿಂದ ಫೋನಿನ ಮೇಲೆ ಫೋನು, ಜನರನ್ನು ಏಳಿಸಬೇಕೇ ಬೇಡವೇ ಎಂದು. ನನ್ನ ಮನಸ್ಸು ಎರಡೂ ಕಡೆ ಎಳೆಯುತ್ತಿತ್ತು. ಗೊರಗುಟ್ಟುವ ಫೋನಿನಲ್ಲಿ ಬರೆಸಿದ ಅಂಕಿಯೇ ತಪ್ಪಾಗಿದ್ದರೆ? ಸುಳ್ಳೇ ಸಾವಿರಾರು ಜನರನ್ನು ಮಳೆಯಲ್ಲಿ ಎಬ್ಬಿಸಿದರೆ, ಮುಂದಿನ ಸಲ ನಿಜವಾಗಿ ನೀರು ಬಂದಾಗ ಒಬ್ಬರೂ ಏಳುವುದಿಲ್ಲ. ಅಷ್ಟರಲ್ಲಿ ಭಾಸ್ಕರರಾವ್ ಗಾರು ನನ್ನನ್ನು ಫೋನಿಗೆ ಕರೆದರು. ಸಂಗಪ್ಪ ಅವರಿಗೂ ಹೇಳಿದ್ದ.

"ಎರಡನೇ ರನ್ ಮುಗಿಯುವ ತನಕ ಬಾಯಿ ಬಿಡಬೇಡ. ಆ ಕ್ಲಸ್ಟರಿಗೆ ನಮ್ಮ ಶಿಫಾರಸಿದೆ. ತಪ್ಪು ಅಂತ ನೀನು ಹೇಳಿ, ಆಮೇಲೆ ಅದೇ ಸರಿ ಅಂತಾದರೆ ನಿನ್ನನ್ನು ಉಳಿಸೋಕೆ ನನ್ನ ಕೈಲಾಗಲ್ಲಮ್ಮಾ."

ಬೆದರಿಕೆಯಲ್ಲ ಅದು. ಅವರಿಗೂ ಹೆದರಿಕೆಯಾಗಿತ್ತು. ಕ್ಯಾಂಟೀನಿನಲ್ಲಿ ಒಂಟಿಯಾಗಿ ಊಟ ಮಾಡುತ್ತಿದ್ದ ಆ ಹಿರಿಯರು ನನ್ನ ಕಣ್ಣ ಮುಂದೆ ಬಂದರು.

ಒಳಗೆ ಬಂದು ಕೂತೆ. ಪದ್ಮಾವತಿಗಾರು ನನ್ನ ಮುಖ ನೋಡುತ್ತ ಮೆಲ್ಲಗೆ ಕೇಳಿದರು, "ಮೀ ಅತ್ತಗಾರು, ನಿಮ್ಮ ಅತ್ತೆ, ಕೃಷ್ಣಲಂಕದಲ್ಲೇ ಅಲ್ವಾ ಇರೋದು? ಅವರನ್ನ ಏನು ಮಾಡಿದಿರಿ?"

ನನಗೆ ಸುಳ್ಳು ಹೊಳೆಯಲಿಲ್ಲ. "ಬೆಳಿಗ್ಗೆಯೇ ಗನ್ನವರಂಗೆ ಕಳಿಸಿಬಿಟ್ಟೆ."

"ವೈಜಾಗಿನ ಉತ್ತರ ಬರುವ ಮುಂಚೆಯೇ?"

"ಹೌದು. ಆ ಕೋಣೆಯ ಬಿಸಿ ನೋಡಿ ನಂಬಿಕೆ ಹೋಯಿತು."

ಅವರು ಫೋನ್ ಎತ್ತಿಕೊಂಡು ಜಿಲ್ಲಾಧಿಕಾರಿಗಳ ಕಚೇರಿಗೆ, "ಖಾಳೀ ಚೇಯಿಂಚಂಡಿ, ಖಾಲಿ ಮಾಡಿಸಿ. ಕೆಳಗಿನ ಬೀದಿಗಳು ಎಲ್ಲವೂ. ನನ್ನ ಮಾತಿನ ಮೇಲೆ" ಎಂದರು. ನನ್ನ ಹೆಸರು ಹೇಳಲಿಲ್ಲ, ಯಂತ್ರದ ಹೆಸರೂ ಹೇಳಲಿಲ್ಲ.

ಆ ಮಧ್ಯಾಹ್ನವೆಲ್ಲ ಆಟೋಗಳಲ್ಲಿ ಧ್ವನಿವರ್ಧಕ ಕಟ್ಟಿಕೊಂಡು ಬೀದಿ ಬೀದಿ ಸುತ್ತಿದರು. ಜನ ಬೈದರು. ಪೊಲೀಸರು ಬಂದು ಎಳೆದರು. ಗಂಟುಮೂಟೆ, ಗ್ಯಾಸ್ ಸಿಲಿಂಡರ್, ಟಿ.ವಿ., ಆಡು, ಎಲ್ಲವನ್ನೂ ಹೊತ್ತುಕೊಂಡು ಶಾಲೆಗಳ ಕಡೆಗೂ ಬಸ್‌ಸ್ಟ್ಯಾಂಡಿನ ಕಡೆಗೂ ನಡೆದರು. ನಾವಿಬ್ಬರೂ ಬ್ಯಾರೇಜಿನ ಮೇಲೆ ಹೋಗಿ ನಿಂತೆವು. ಇಂದ್ರಕೀಲಾದ್ರಿ ಬೆಟ್ಟದ ಬುಡದ ಸ್ನಾನಘಟ್ಟದ ಮೆಟ್ಟಿಲುಗಳು ಇನ್ನೂ ಒಣಗಿಯೇ ಕಾಣುತ್ತಿದ್ದವು. ಅವು ಒದ್ದೆಯಾಗಲಿ ಎಂದು ನಾನು ಬಯಸುತ್ತಿದ್ದೇನೆ ಎಂದು ನನಗೇ ಗೊತ್ತಾಯಿತು. ನನ್ನ ಮಾತು ನಿಜವಾಗಬೇಕಾದರೆ ಒಂದು ಊರು ಮುಳುಗಬೇಕಿತ್ತು.

ಸಂಜೆಯ ಬೆಳಕು ಇನ್ನೂ ಇರುವಾಗಲೇ ನೀರು ಬಂತು. ಸದ್ದೇ ಇರಲಿಲ್ಲ. ಕೆಂಪಗೆ, ದಪ್ಪಗೆ, ನದಿಯೇ ಎದ್ದು ಕೂತಂತೆ ಮೇಲೇರಿತು. ಮೆಟ್ಟಿಲುಗಳು ಕಾಣದಾದವು. ಆಮೇಲೆ ಕಟ್ಟೆಯ ಒಂದು ಕಡೆ ಬೆಳ್ಳಗೆ ಗೆರೆಯೊಂದು ಕಂಡಿತು. ನೀರು ಆಚೆಗೆ ಇಳಿಯುತ್ತಿತ್ತು. ಸಂಗಪ್ಪ ಹೇಳಿದ್ದಕ್ಕಿಂತ ಸ್ವಲ್ಪ ಕಡಿಮೆಯೇ ಬಂತು. ನಮ್ಮ ಅತ್ತೆಯ ಮನೆಯಲ್ಲಿ ಮಂಚ ಮುಳುಗಿ, ದೇವರ ಗೂಡಿನವರೆಗೆ ಏರಿ ನಿಂತಿತು. ಆ ಬೀದಿಗಳಲ್ಲಿ ಮನೆಗಳು ಬಿದ್ದವು, ಒಂದು ಜೀವವೂ ಹೋಗಲಿಲ್ಲ. ತನ್ನನ್ನು ಹತ್ತು ಜನರೆದುರು ಅಕ್ಕಿಮೂಟೆಯಂತೆ ಹೊತ್ತರೆಂದು ಅತ್ತೆ ನನ್ನೊಡನೆ ಬಹಳ ದಿನ ಸರಿಯಾಗಿ ಮಾತಾಡಲಿಲ್ಲ.

ನೀರಿಳಿದ ಮೇಲೆ ಸಂಗಪ್ಪ ವಿಜಯವಾಡಕ್ಕೆ ಬಂದ. ಎರಡೂ ಲೆಕ್ಕಗಳನ್ನು ಚೌಕದಿಂದ ಚೌಕಕ್ಕೆ ಹೋಲಿಸಿ ನೋಡಿದ. ಬ್ಯಾರೇಜಿಗಿಂತ ಸ್ವಲ್ಪ ಮೇಲೆ, ನದಿಯ ನಟ್ಟನಡುವಿನ ಒಂದೇ ಒಂದು ಚೌಕದ ಆಳ ಬದಲಾಗಿತ್ತು. ಚುಕ್ಕೆಯೊಂದು ಮಗುಚಿ ಅಲ್ಲಿ ತಳವೇ ಇಲ್ಲದ ಗುಂಡಿಯಾಗಿತ್ತು. ಬಂದ ನೀರನ್ನೆಲ್ಲ ಆ ಗುಂಡಿ ನುಂಗಿಕೊಂಡು ಊರು ಕ್ಷೇಮ ಎಂದಿತ್ತು. ಪರದೆಯ ಮೇಲೆ ಕಪ್ಪು ಚುಕ್ಕೆಯಂತೆ ಕಾಣುತ್ತಿದ್ದ ಅದನ್ನು ನಾನು, ಸಂಗಪ್ಪ, ಪದ್ಮಾವತಿಗಾರು ಮೂವರೂ ಬಗ್ಗಿ ನೋಡಿದೆವು. "ಇಷ್ಟ ಸಣ್ಣದು ನೋಡ್ರಿ" ಎಂದ ಸಂಗಪ್ಪ. ಆ ಚೌಕದ ಲೆಕ್ಕ ಮಾಡಿದ್ದ ಯಂತ್ರವನ್ನು ಹುಡುಕಿ ಪರೀಕ್ಷೆಗೆ ಹಾಕಿದರೆ ಎಲ್ಲದರಲ್ಲೂ ಪಾಸಾಯಿತು. ಎಷ್ಟು ಕಾಯಿಸಿದರೂ ಮತ್ತೆ ತಪ್ಪಲಿಲ್ಲ.

ಇದು ನನ್ನನ್ನು ಪ್ರವಾಹಕ್ಕಿಂತ ಹೆಚ್ಚು ಹೆದರಿಸಿತು. ಹಾಗಾದರೆ ಹಿಂದಿನ ಮಳೆಗಾಲಗಳ ಉತ್ತರಗಳು? ಪದ್ಮಾವತಿಗಾರು ಒತ್ತಾಯಿಸಿ ಹಳೆಯ ಲೆಕ್ಕಗಳನ್ನೆಲ್ಲ ವಿಶಾಖಪಟ್ಟಣದಲ್ಲಿ ಮತ್ತೆ ಮಾಡಿಸಿದರು. ಚಳಿಗಾಲವೆಲ್ಲ ಅದಕ್ಕೇ ಹೋಯಿತು. ಎಲ್ಲವೂ ಸರಿಯಾಗಿದ್ದವು. ತಪ್ಪಿದ್ದು ಅದೊಂದೇ ದಿನ.

ಮುಂದಿನ ಖರೀದಿಯ ಸಭೆ ವಿಜಯವಾಡದಲ್ಲಿ ನಡೆಯಿತು. ತಿದ್ದುವ ಮೆಮೊರಿಯ ಷರತ್ತು ಮತ್ತೆ ಮುಂದಿತ್ತು. ಹೊರಗಿನಿಂದ ಬಂದಿದ್ದ ಹಣಕಾಸಿನ ಅಧಿಕಾರಿಯೊಬ್ಬರು ವರದಿಯನ್ನು ತಿರುವಿ, "ಇಷ್ಟು ವರ್ಷದಲ್ಲಿ ಒಂದೇ ಸಲ ತಪ್ಪಿದೆ. ಅದಕ್ಕೋಸ್ಕರ ಇಷ್ಟು ಖರ್ಚು ಯಾಕೆ?" ಎಂದರು. ಕೇಳಬೇಕಾದ ಪ್ರಶ್ನೆಯೇ. ಭಾಸ್ಕರರಾವ್ ಗಾರು ತಲೆ ತಗ್ಗಿಸಿದ್ದರು.

ಪದ್ಮಾವತಿಗಾರು ಎದ್ದು ನಿಂತರು. "ಒಂದೇ ಸಲ, ನಿಜಮೇ ಸಾರ್. ಏ ಒಕ್ಕಸಾರಿ? ಆ ಒಂದು ಸಲ ಯಾವುದು ಅಂತ ಮುಂಚೆಯೇ ಹೇಳಿಬಿಡಿ. ಆ ದಿನಕ್ಕೆ ಮಾತ್ರ ಒಳ್ಳೆಯ ಮೆಷಿನ್ನು ಬಾಡಿಗೆಗೆ ತರ್ತೀನಿ."

ಆ ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿ ಮುಂದಿನ ವಿಷಯಕ್ಕೆ ಹೋದರು. ಷರತ್ತು ಉಳಿಯಿತು.

ಸಭೆ ಮುಗಿದು ಹೊರಗೆ ಬಂದಾಗ ಪದ್ಮಾವತಿಗಾರು ವರಾಂಡದ ಕಂಬ ಹಿಡಿದುಕೊಂಡು ನಿಂತಿದ್ದರು. ಹತ್ತಿರ ಹೋಗಿ ಏನಾಯಿತು ಎಂದು ಕೇಳಿದೆ.

"ಮೀಟಿಂಗ್ ಅಂದರೆ ನನಗೆ ಮೊದಲಿನಿಂದಲೂ ಭಯ, ವಸುಧಾಗಾರು" ಎಂದರು. "ನದಿಗಿಂತಲೂ ಹೆಚ್ಚು."